ನಟ್ಟು ಬಂತು, ಬೋಲ್ಟು ಬರಲಿಲ್ಲ: ಶಾಕಲ್ ಬಿಚ್ಚಲು ಎಣ್ಣೆಯೋ, ಬೆಂಕಿಯೋ, ಗ್ರೈಂಡರೋ?

ನನ್ನ ಪಿಕಪ್ ಸೆಕೆಂಡ್ ಹ್ಯಾಂಡ್. ಹಿಂದಿನವರು ಅದರಲ್ಲಿ ಮಲ್ಪೆಯಿಂದ ಮೀನು ಸಾಗಿಸುತ್ತಿದ್ದರು. ರೇಟು ಕಡಿಮೆ ಇದ್ದದ್ದೂ ಅದಕ್ಕೇ. ಬಾಕ್ಸಿನ ಐಸು ಕರಗಿ ಉಪ್ಪುನೀರು ದಿನಾ ಚಾಸಿ ಮೇಲೆ ಸೋರಿದರೆ ಏನಾಗುತ್ತದೆ ಅನ್ನುವುದು ಗಾಡಿ ಕೆಳಗೆ ಮಲಗಿದ ಮೇಲೆ ತಿಳಿಯಿತು.

ಹಿಂದಿನ ಎರಡೂ ಶಾಕಲ್, ಅಂದರೆ ಬ್ಲೇಡ್ ಸೆಟ್ಟಿನ (ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳ) ಹಿಂದಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ, ಸವೆದು, ಹೊಂಡ ಸಿಕ್ಕಿದಾಗೆಲ್ಲ ಟಕ್ ಟಕ್ ಸದ್ದು. ಶಾಕಲ್ ಜೊತೆ ಬುಶ್ಶುಗಳನ್ನೂ (ಬೋಲ್ಟಿನ ಸುತ್ತ ಕೂರುವ ರಬ್ಬರ್ ತುಂಡು) ಬದಲಿಸುವ ಅಂದುಕೊಂಡೆ. ಬಿಚ್ಚಬೇಕಾದದ್ದು 6 ಬೋಲ್ಟು. ಒಂದೊಂದು ಬದಿಗೆ ಶಾಕಲ್ಲಿನ ಮೇಲಿನದು, ಕೆಳಗಿನದು, ಮತ್ತೆ ಬ್ಲೇಡ್ ಸೆಟ್ಟಿನ ಮುಂದಿನ ತುದಿಯ ಕಣ್ಣಿನದು (ಬೋಲ್ಟು ತೂರುವ ಬಳೆಯಂಥ ತೂತು). ಒಂದು ಭಾನುವಾರದ ಕೆಲಸ ಅಂತ ಲೆಕ್ಕ ಹಾಕಿದ್ದೆ. ಮೂರು ಭಾನುವಾರ ಹೋಯಿತು. ಆದರೆ ಯಾವ ಉಪಾಯ ಎಲ್ಲಿ ನಡೆಯುತ್ತದೆ ಅನ್ನುವುದು ಕೈಗೇ ಗೊತ್ತಾಯಿತು.

ಮೊದಲು ಎಣ್ಣೆಗಳು. ಮೇಲಿನ ಎರಡು ಬೋಲ್ಟನ್ನು ಪಂದ್ಯಕ್ಕೆ ಇಟ್ಟೆ. ಎರಡಕ್ಕೂ ವೈರ್ ಬ್ರಶ್ ಉಜ್ಜಿ ತುಕ್ಕಿನ ಹೊಟ್ಟು ತೆಗೆದೆ. ಎಡಗಡೆಯದಕ್ಕೆ ಅಂಗಡಿಯ ಪೆನೆಟ್ರೇಟಿಂಗ್ ಸ್ಪ್ರೇ. ಬಲಗಡೆಯದಕ್ಕೆ ಕೆಂಪು ಪವರ್ ಸ್ಟೀರಿಂಗ್ ಆಯಿಲ್ ಮತ್ತು ಅಸಿಟೋನ್ ಅರ್ಧಕ್ಕರ್ಧ. ಈ ಮಿಶ್ರಣ ಬಾಟಲಿಯಲ್ಲಿ ಇಟ್ಟ ಕೂಡಲೇ ಬೇರೆ ಬೇರೆ ಆಗುತ್ತದೆ, ಪ್ರತಿ ಸಲ ಕುಲುಕಿಯೇ ಹಾಕಬೇಕು. ಪೇಂಟಿಗೆ ತಾಗಿದರೆ ಪೇಂಟು ಹೋಯಿತು ಅಂತಲೇ ಲೆಕ್ಕ. ಬೆಂಕಿ ಹತ್ತಿರವಂತೂ ತರಲೇಬಾರದು. ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದರೆ ಎರಡೂ ಬಂದವು. ಗೆದ್ದವರು ಯಾರು? ಯಾರೂ ಇಲ್ಲ. ನನಗೆ ವ್ಯತ್ಯಾಸ ಕಾಣಿಸಲಿಲ್ಲ. ಸ್ಪ್ರೇ ಹೊಡೆಯುವುದು ಸುಲಭ, ಮಿಶ್ರಣ ಅಗ್ಗ, ಅಷ್ಟೇ. ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯೂಡಿ-40 ಯಾಕೆ ಹಾಕಲಿಲ್ಲ ಅಂತ ಕೇಳಬಹುದು. ಅದನ್ನು 1953ರಲ್ಲಿ ಅಮೆರಿಕದಲ್ಲಿ ಮಾಡಿದ್ದೇ ಲೋಹದ ಮೇಲಿನ ನೀರನ್ನು ಓಡಿಸಲು. ಹೆಸರಿನ ಅರ್ಥವೂ ಅದೇ. ತುಕ್ಕಿನೊಳಗೆ ನುಗ್ಗಲು ಅಂತಲೇ ಮಾಡಿದ್ದು ಕೈಯಲ್ಲಿದ್ದಾಗ ಅದು ಬೇಡ ಅನ್ನಿಸಿತು.

ಕೆಳಗಿನ ಎರಡಕ್ಕೆ ಎರಡು ರಾತ್ರಿ ಡೀಸೆಲ್ ಬಿಟ್ಟೆ. ಏನೂ ಆಗಲಿಲ್ಲ. ಆದರೆ ಕೆಳಗಿನವು ಮೇಲಿನವಕ್ಕಿಂತ ಜಾಸ್ತಿ ಉಪ್ಪುನೀರು ಕುಡಿದಿದ್ದವು. ಸುಮ್ನೆ ಡೀಸೆಲಿನ ಮೇಲೆ ತಪ್ಪು ಹಾಕುವುದು ಸರಿಯಲ್ಲ.

ಆಮೇಲೆ ಬಲ. ಸ್ಪ್ಯಾನರಿಗೆ ಪೈಪು ಸಿಕ್ಕಿಸುವುದು ಎಲ್ಲರಿಗೂ ಗೊತ್ತಿರುವ ವಿದ್ಯೆ. 30 ಸೆಂ.ಮೀ. ಹಿಡಿ 90 ಸೆಂ.ಮೀ. ಆದರೆ ಅದೇ ಕೈಗೆ ಮೂರು ಪಟ್ಟು ಬಲ. ಆದರೆ ಆ ಬಲ ನಟ್ಟಿನ ಮೂಲೆಗಳ ಮೇಲೆಯೇ ಬೀಳುತ್ತದೆ ಅಲ್ವಾ? ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ಹಾಕಿ ಎಡಗಡೆ ಕೆಳಗಿನ ನಟ್ಟಿನ ಮೇಲೆ ನೇತಾಡಿದೆ. ಕರಕ್ ಅಂತ ಸದ್ದು ಬಂತು, ಬಿಚ್ಚಿತು ಅಂತ ಖುಷಿಪಟ್ಟೆ. ನೋಡಿದರೆ ನಟ್ಟು ಉರುಟಾಗಿ ಗೋಲಿಯ ಹಾಗಾಗಿತ್ತು. ತುಕ್ಕು ತಿಂದ ನಟ್ಟಿಗೆ ಆರು ಮೂಲೆಯ ಸಾಕೆಟ್ಟೇ ಆಗಬೇಕು. ಬಲಗಡೆಯದಕ್ಕೆ ಟೈರ್ ಅಂಗಡಿಯ ಏರ್ ಗನ್ ಬಂತು. ಎಂಟು ಹತ್ತು ಸೆಕೆಂಡು ಗುಡುಗುಡು ಅಂದು ಬಿಚ್ಚಿಕೊಂಡಿತು. ಪೈಪು ಒಂದೇ ಸಮ ಎಳೆಯುತ್ತದೆ, ಗನ್ನು ಕುಟ್ಟಿ ಕುಟ್ಟಿ ತುಕ್ಕನ್ನು ಒಡೆಯುತ್ತದೆ. ಇವೆರಡರಲ್ಲಿ ನನ್ನ ಓಟು ಗನ್ನಿಗೇ.

ಉರುಟಾದ ನಟ್ಟಿಗೆ ಬೆಂಕಿ. ಚಿಕ್ಕ ಗ್ಯಾಸ್ ಟಾರ್ಚಿನಿಂದ ಬೋಲ್ಟನ್ನು ಬಿಟ್ಟು ನಟ್ಟನ್ನು ಮಾತ್ರ ಕಾಯಿಸಬೇಕು. 12 ಮಿ.ಮೀ. ತೂತಿನ ನಟ್ಟು 300 ಡಿಗ್ರಿ ಬಿಸಿ ಏರಿದರೆ ತೂತು ದೊಡ್ಡದಾಗುವುದು ಸುಮಾರು 0.04 ಮಿ.ಮೀ. ಮಾತ್ರ. ಕೂದಲಿಗಿಂತ ಸಣ್ಣ ಸಂದಿ. ತುಕ್ಕಿನ ಹಿಡಿತ ಬಿಡಲು ಅಷ್ಟು ಸಾಕಾಯಿತು. ಸ್ವಲ್ಪ ಸಣ್ಣ ಸಾಕೆಟ್ಟನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿ ತಿರುಗಿಸಿದೆ, ಬಂತು. ಹಾಗಂತ ಇದು ಹಾಯಾದ ಕೆಲಸವಲ್ಲ. ಬ್ರೇಕ್ ಪೈಪಿಗೆ ತಗಡು ಅಡ್ಡ ಇಟ್ಟು, ಪಕ್ಕದಲ್ಲಿ ಬಕೆಟ್ ನೀರು ಇಟ್ಟುಕೊಂಡೇ ಮಾಡಿದ್ದು. ಎಣ್ಣೆ ಹಾಕಿದ ಜಾಗವನ್ನು ಮೊದಲು ಒರೆಸಿ ಒಣಗಿಸಿದ್ದೆ. ರಬ್ಬರಿಗೆ ಬಿಸಿ ತಾಗಿ ಕಪ್ಪು ಹೊಗೆ ಎದ್ದಿತು. ಅದರ ಜೊತೆ ಒಣಮೀನು ಸುಟ್ಟ ವಾಸನೆ. ಪಕ್ಕದ ಮನೆಯ ಬೆಕ್ಕು ಬಂದು ಗೇಟಿನಲ್ಲಿ ಕೂತಿತು.

ಉಳಿದವು ಮುಂದಿನ ಕಣ್ಣಿನ ಎರಡು ಬೋಲ್ಟು. ನನ್ನ ಸಮಯ ತಿಂದದ್ದು ಇವೇ. ನಟ್ಟು ಗನ್ನಿಗೆ ಸಲೀಸಾಗಿ ಬಂತು. ಬೋಲ್ಟು ಬರಲಿಲ್ಲ. ತಲೆಗೆ ಸ್ಪ್ಯಾನರ್ ಹಾಕಿದರೆ ಕಾಲು ಸುತ್ತು ತಿರುಗುತ್ತದೆ, ಕೈ ಬಿಟ್ಟ ಕೂಡಲೇ ಮೆಲ್ಲ ವಾಪಸ್ ಬರುತ್ತದೆ. ಅರ್ಧ ದಿನ ಹಾಗೇ ತಿರುಗಿಸುತ್ತಾ ಕೂತಿದ್ದೆ. ಗ್ಯಾರೇಜಿನಲ್ಲಿ ಕೆಲಸ ಮಾಡುವ ಗೆಳೆಯ ಬಂದವನು ಒಮ್ಮೆ ತಿರುಗಿಸಿ ನೋಡಿ ನಕ್ಕ. "ತಿರ್ಗುದ್ ರಬ್ಬರ್ ಮಾರಾಯಾ, ಬೋಲ್ಟ್ ಅಲ್ಲ!"

ವಿಷಯ ಇಷ್ಟೇ. ಬುಶ್ಶಿನ ರಬ್ಬರಿನ ಒಳಗೆ ಒಂದು ಕಬ್ಬಿಣದ ನಳಿಗೆ ಇರುತ್ತದೆ. ಬೋಲ್ಟು ಹಾದು ಹೋಗುವುದು ಅದರೊಳಗೆ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು, ಹಾಗಾಗಿ ಸಂದಿಯೆಲ್ಲ ತುಂಬಿ ಬೋಲ್ಟು, ನಳಿಗೆ ಒಂದೇ ಆಗಿಬಿಟ್ಟಿರುತ್ತವೆ. ಎಣ್ಣೆ ಅಷ್ಟು ಉದ್ದಕ್ಕೆ ಇಳಿಯುವುದಿಲ್ಲ. ಗನ್ನಿನ ಹೊಡೆತವನ್ನು ರಬ್ಬರು ಕುಡಿಯುತ್ತದೆ. ಬೆಂಕಿ ಕೊಟ್ಟರೆ ನಳಿಗೆಗೆ ಮೊದಲು ರಬ್ಬರೇ ಹೊತ್ತಿಕೊಳ್ಳುತ್ತದೆ. ನಟ್ಟನ್ನು ಬೋಲ್ಟಿನ ತುದಿಗೆ ಸಮ ಬಿಟ್ಟು ಸುತ್ತಿಗೆಯಲ್ಲಿ ಹೊಡೆದದ್ದೂ ಆಯಿತು. ಹೊಡೆದಷ್ಟೂ ಪುಟಿಯಿತು.

ಇಲ್ಲಿಗೆ ಗ್ರೈಂಡರ್ ಒಂದೇ ದಾರಿ. ಚಾಸಿ ಸ್ಟ್ಯಾಂಡ್ ಮೇಲೆ ಇತ್ತು, ಆಕ್ಸಲ್ಲಿಗೆ ಜಾಕ್ ಕೊಟ್ಟು ಬ್ಲೇಡಿನ ಭಾರ ಇಳಿಸಿದೆ. 4 ಇಂಚಿನ ಗ್ರೈಂಡರಿಗೆ 1 ಮಿ.ಮೀ. ಕಟಿಂಗ್ ವೀಲ್. ಬ್ರಾಕೆಟ್ಟಿಗೂ ಬುಶ್ಶಿಗೂ ನಡುವಿನ ಸಂದಿಯಲ್ಲಿ ಎರಡೂ ಕಡೆ ಕೊಯ್ದೆ. ವೀಲು ಪೂರ್ತಿ ಒಳಗೆ ಹೋಗಲಿಲ್ಲ. ಉಳಿದದ್ದನ್ನು ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ ಕೈಯಲ್ಲೇ ಕೊಯ್ದದ್ದು. ಒಂದಕ್ಕೆ 40 ನಿಮಿಷ. ಹೊಸ ಬುಶ್ಶು, ಹೊಸ ಬೋಲ್ಟು ಮೊದಲೇ ತಂದಿಟ್ಟಿದ್ದೆ, ಹಾಗಾಗಿ ಕೊಯ್ದದ್ದರಿಂದ ಕಳೆದುಕೊಂಡದ್ದು ಏನೂ ಇಲ್ಲ. ಮೊದಲ ಭಾನುವಾರವೇ ಕೊಯ್ಯಬಹುದಿತ್ತು.

ಇನ್ನೊಮ್ಮೆ ಮಾಡುವುದಾದರೆ ಮೊದಲು ನಟ್ಟು ತೆಗೆದು, ಬೋಲ್ಟಿನ ತಲೆ ತಿರುಗಿಸಿ ನೋಡುತ್ತೇನೆ. ತಿರುಗಿ ವಾಪಸ್ ಬಂತೋ, ನೇರ ಗ್ರೈಂಡರ್. ನಟ್ಟೇ ಅಲುಗದಿದ್ದರೆ ರಾತ್ರಿ ಸ್ಪ್ರೇ, ಬೆಳಿಗ್ಗೆ ಗನ್ನು, ಕೊನೆಗೆ ಬೆಂಕಿ. ಪೈಪನ್ನು ಬಾವಿಕಟ್ಟೆ ಹತ್ತಿರವೇ ಬಿಡುತ್ತೇನೆ.

ಹೊಸ ಬೋಲ್ಟುಗಳ ಮೈಗೆ, ಅಂದರೆ ನಳಿಗೆ ಒಳಗೆ ಕೂರುವ ಭಾಗಕ್ಕೆ, ಆಂಟಿ-ಸೀಜ್ (ತುಕ್ಕಿಗೆ ಕಚ್ಚಿಕೊಳ್ಳದ ಹಾಗೆ ತಡೆಯುವ ಪೇಸ್ಟು) ಬಳಿದೆ. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಬೋಲ್ಟು ಬೇಡ ಅಂತ ಗಾಡಿಯ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದಲೇ ತಂದದ್ದು. ಕೊನೆಯ ಬಿಗಿ ಕೊಟ್ಟದ್ದು ಗಾಡಿಯನ್ನು ಚಕ್ರದ ಮೇಲೆ ಇಳಿಸಿದ ನಂತರ. ನೇತಾಡುವಾಗಲೇ ಬಿಗಿ ಮಾಡಿದರೆ ರಬ್ಬರು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಟಕ್ ಟಕ್ ಈಗ ಇಲ್ಲ. ಬೆಕ್ಕು ಮಾತ್ರ ಇನ್ನೂ ಬರುತ್ತಿದೆ.