ಕಾಫಿ ಕಣಕ್ಕೆ ಕ್ಲೌಡ್ ಕ್ಯಾಮೆರಾ: ಒಂದು ಮಳೆಗಾಲ, ಒಂದು ಕೊಯ್ಲು ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರೂವರೆ. ಕ್ಯಾಮೆರಾ ಚೆನ್ನಾಗಿದೆ, ಆ್ಯಪ್ ಪರವಾಗಿಲ್ಲ, ಕಸ್ಟಮರ್ ಕೇರ್ ಸುಮಾರು. ಆದರೆ ಕೊಡಗಿನಲ್ಲಿ ಇದ್ಯಾವುದೂ ದೊಡ್ಡ ವಿಷಯ ಅಲ್ಲ. ಇಲ್ಲಿ ಕ್ಲೌಡ್ ಕ್ಯಾಮೆರಾ (ದೃಶ್ಯವನ್ನು ಇಂಟರ್‌ನೆಟ್ ಮೂಲಕ ಕಂಪನಿಯ ಕಂಪ್ಯೂಟರಿಗೆ ಕಳಿಸಿಡುವ ಕ್ಯಾಮೆರಾ) ಉಪಯೋಗಕ್ಕೆ ಬರುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ನಿಮ್ಮ ಮನೆಗೆ ಬರುವ ಫೈಬರ್ ಲೈನು ಮತ್ತು ಕರೆಂಟು. ಅವೆರಡೂ ಸರಿಯಿಲ್ಲದೆ ಎಷ್ಟು ದುಬಾರಿ ಕ್ಯಾಮೆರಾ ತಂದರೂ ಗೋಡೆಗೆ ಶೋಭೆ ಅಷ್ಟೇ.

ಕಂಪನಿ ಹೆಸರು ಹಾಕುತ್ತಿಲ್ಲ. ನಾನು ಬೈಯುವ ವಿಷಯಗಳು ಹೆಚ್ಚು ಕಡಿಮೆ ಎಲ್ಲ ಕಂಪನಿಯಲ್ಲೂ ಇವೆ. ಯಾವುದನ್ನು ತೆಗೆದುಕೊಂಡರೂ ಏನೇನು ಕೇಳಬೇಕು ಅಂತ ಗೊತ್ತಾದರೆ ಸಾಕು.

ನಮ್ಮದು ಸುಂಟಿಕೊಪ್ಪದಿಂದ ಒಳಗೆ. ರೊಬಸ್ಟಾ ತೋಟ, ಸಿಲ್ವರ್ ಓಕಿಗೆ ಹಬ್ಬಿಸಿದ ಒಳ್ಳೆಮೆಣಸು, ಜೊತೆಗೆ ಎರಡು ರೂಮಿನ ಸಣ್ಣ ಹೋಂಸ್ಟೇ. ಕಾಫಿ ರೇಟು 2024ರಲ್ಲಿ ಮೇಲೆ ಹೋದಾಗಿನಿಂದ ಜನವರಿ ಫೆಬ್ರವರಿಯಲ್ಲಿ ಕಣದಲ್ಲಿ ಚೆರ್ರಿ ಹರಡಿದರೆ ಸಾಕು, ಬ್ಯಾಂಕಿನ ಲಾಕರ್ ಬಾಗಿಲು ತೆಗೆದಿಟ್ಟು ಮಲಗಿದ ಹಾಗೆ. ಒಣಗಲು ಎರಡು ವಾರ ಬೇಕು, ಅಷ್ಟೂ ರಾತ್ರಿ ಯಾರಾದರೂ ಕಾಯಬೇಕು. ಮೆಣಸಿನ ಬಳ್ಳಿಯಿಂದ ಗೊಂಚಲು ಕಿತ್ತುಕೊಂಡು ಹೋಗುವವರೂ ಇದ್ದಾರೆ. ಹಾಗಾಗಿ ಕ್ಯಾಮೆರಾ ಬೇಕಾ ಬೇಡವಾ ಅನ್ನುವ ಚರ್ಚೆಯೇ ಮನೆಯಲ್ಲಿ ಆಗಲಿಲ್ಲ. ಮಾಮೂಲಿ ಡಿವಿಆರ್ (ದೃಶ್ಯವನ್ನು ಮನೆಯಲ್ಲೇ ರೆಕಾರ್ಡ್ ಮಾಡಿಡುವ ಡಬ್ಬಿ) ಹಾಕೋದಾ, ಕ್ಲೌಡಾ, ಅದೊಂದೇ ಪ್ರಶ್ನೆ ಇದ್ದದ್ದು.

ಕ್ಲೌಡ್ ಅಂತ ಹೋಗಿದ್ದಕ್ಕೆ ಕಾರಣ ಒಂದೇ. ಡಿವಿಆರ್ ಡಬ್ಬಿ ಮನೆಯಲ್ಲೋ ಆಫೀಸ್ ರೂಮಿನಲ್ಲೋ ಇರುತ್ತದೆ. ಬಂದ ಕಳ್ಳನಿಗೆ ಸ್ವಲ್ಪ ಬುದ್ಧಿ ಇದ್ದರೆ ಅದನ್ನೂ ಎತ್ತಿಕೊಂಡು ಹೋಗುತ್ತಾನೆ. ಕಳ್ಳ ಬರದಿದ್ದರೆ ಸಿಡಿಲು ಬರುತ್ತದೆ. ಏಪ್ರಿಲ್ ಮೇ ಗುಡುಗು ಮಳೆಗೆ ನಮ್ಮ ಕಡೆ ಎಷ್ಟು ಮನೆಯ ಟಿವಿ, ಮೋಡೆಮ್, ಪಂಪ್‌ಸೆಟ್ ಸ್ಟಾರ್ಟರ್ ಸುಟ್ಟಿವೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕ್ಲೌಡ್ ಆದರೆ ದೃಶ್ಯ ಆಗಲೇ ಊರು ಬಿಟ್ಟು ಹೋಗಿರುತ್ತದೆ, ಡಬ್ಬಿ ಸುಟ್ಟರೆ ಸುಡಲಿ.

ಒಟ್ಟು ನಾಲ್ಕು ಕ್ಯಾಮೆರಾ: ಗೇಟು, ಕಣ, ಗೋಡೌನ್, ಹೋಂಸ್ಟೇ ಪಾರ್ಕಿಂಗ್. ಆ್ಯಪಿನಲ್ಲಿ ಸೇರಿಸುವುದು ಸುಲಭ, ಕ್ಯೂಆರ್ ಕೋಡ್ ತೋರಿಸಿದರೆ ಆಯಿತು, ರೂಟರ್ ಒಳಗೆ ಹೋಗಿ ಪೋರ್ಟ್ ತೆಗೆಯುವ ಹಳೇ ತಲೆನೋವು ಇಲ್ಲ. ಪಾರ್ಕಿಂಗ್ ಕ್ಯಾಮೆರಾ ವೈಫೈದು, ಅದಕ್ಕೆ ರೂಟರಿನ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಆಗುತ್ತದೆ, 5 ಗಿಗಾಹರ್ಟ್ಸ್ ಆಗುವುದಿಲ್ಲ ಅನ್ನುವುದು ನೆನಪಿರಲಿ.

ಕಷ್ಟ ಇರುವುದು ತಂತಿಯಲ್ಲಿ. ಕುಶಾಲನಗರದಿಂದ ಬಂದ ಹುಡುಗ ಗೋಡೌನ್ ನೋಡಿದ ಕೂಡಲೇ "ಅಣ್ಣಾ, ಇದು ನೂರು ಮೀಟರ್ ದಾಟುತ್ತದೆ" ಅಂದ. ಕ್ಯಾಮೆರಾಗೆ ಡೇಟಾ, ಕರೆಂಟು ಎರಡನ್ನೂ ಒಂದೇ ಕೇಬಲಿನಲ್ಲಿ ಕೊಡುತ್ತಾರೆ, ಪಿಒಇ ಅಂತ. ಆ ತಾಮ್ರದ ಕೇಬಲಿಗೆ ಮಿತಿ 100 ಮೀಟರ್. ನಡುವೆ ಒಂದು ನೆಟ್‌ವರ್ಕ್ ಸ್ವಿಚ್ (ಕೇಬಲುಗಳನ್ನು ಜೋಡಿಸುವ ಡಬ್ಬಿ) ಇಟ್ಟು ಮುಂದೆ ಎಳೆಯಬಹುದು, ಬೇರೆ ಕಡೆ ಹಾಗೇ ಮಾಡುತ್ತಾರೆ. ಇವನು ಬೇಡ ಅಂದ. ಮರಗಳ ಮಧ್ಯೆ ಅಷ್ಟುದ್ದ ತಾಮ್ರ ಎಳೆದರೆ ಹತ್ತಿರದಲ್ಲೆಲ್ಲೋ ಸಿಡಿಲು ಹೊಡೆದರೂ ಆ ತಂತಿಯಲ್ಲಿ ಹರಿದು ಬಂದು ಎರಡೂ ತುದಿಯ ಸಾಮಾನು ಸುಡುತ್ತದೆ. ಅದಕ್ಕೆ ಗೋಡೌನ್‌ವರೆಗೆ ಫೈಬರ್ ಎಳೆದು, ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಕೇಬಲಿಗೆ ಹೊಂದಿಸುವ ಡಬ್ಬಿ) ಹಾಕಿ, ಕರೆಂಟನ್ನು ಗೋಡೌನ್ ಲೈನಿನಿಂದಲೇ ಕೊಟ್ಟ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ ಅಲ್ವಾ. ಖರ್ಚು ಸ್ವಲ್ಪ ಜಾಸ್ತಿ ಆಯಿತು. ಇಡೀ ಕೆಲಸದಲ್ಲಿ ಬೇಜಾರಿಲ್ಲದೆ ಕೊಟ್ಟ ದುಡ್ಡು ಅದೊಂದೇ.

ಅವನು ಮಾಡಿದ ಇನ್ನೊಂದು ಕೆಲಸ ನೋಡಿ ಖುಷಿಯಾಯಿತು. ಕೇಬಲನ್ನು ಮೇಲಿನಿಂದ ನೇರ ಕ್ಯಾಮೆರಾ ಒಳಗೆ ಬಿಡಲಿಲ್ಲ, ಕೆಳಗೆ ಒಂದು ಕೊಕ್ಕೆಯ ಹಾಗೆ ಬಗ್ಗಿಸಿ ಮತ್ತೆ ಮೇಲಕ್ಕೆ ತಂದು ಸಿಕ್ಕಿಸಿದ. ತಂತಿ ಹಿಡಿದು ಇಳಿಯುವ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹೋಗುವುದಿಲ್ಲ. ಡಬ್ಬಿ ಮೇಲೆ ಐಪಿ67 (ಧೂಳು, ನೀರು ಒಳಗೆ ಹೋಗುವುದಿಲ್ಲ) ಅಂತ ಬರೆದಿದ್ದರೂ ನೀರು ಹೋಗುವುದು ಕನೆಕ್ಟರ್ ಹತ್ತಿರ. ಅರ್ಧಗೋಳದ ಡೋಮ್ ಕ್ಯಾಮೆರಾ ಬೇಡ, ಕೊಳವೆಯ ಹಾಗಿರುವ ಬುಲೆಟ್ ಹಾಕಿ ಅಂದಿದ್ದೂ ಅವನೇ. ಜುಲೈ ತಿಂಗಳ ಥಂಡಿಗೆ ಡೋಮ್ ಗಾಜಿನ ಒಳಗೆ ಆವಿ ಕೂತರೆ ಬರೀ ಮಂಜು ಕಾಣುತ್ತದೆ. ಮಂಜು ನೋಡಲು ನಮಗೆ ಕ್ಯಾಮೆರಾ ಬೇಕಾ?

ಈಗ ಇಂಟರ್‌ನೆಟ್ ಲೆಕ್ಕಕ್ಕೆ ಬರೋಣ. ಅಂಗಡಿಯವರು ಇದನ್ನು ಹೇಳುವುದೇ ಇಲ್ಲ. ನಾವು ಸಿನಿಮಾ ನೋಡುವಾಗ ಬೇಕಾಗುವುದು ಡೌನ್‌ಲೋಡ್, ಕ್ಲೌಡ್ ಕ್ಯಾಮೆರಾಗೆ ಬೇಕಾಗುವುದು ಅಪ್‌ಲೋಡ್. 1080ಪಿ ಕ್ಯಾಮೆರಾ, ಎಚ್.265 (ದೃಶ್ಯವನ್ನು ಕುಗ್ಗಿಸುವ ವಿಧಾನ), ಸೆಕೆಂಡಿಗೆ 15 ಫ್ರೇಮ್ ಇಟ್ಟರೆ ಸುಮಾರು 1 ಎಂಬಿಪಿಎಸ್ ಅಂದುಕೊಳ್ಳಿ. ದಿನಪೂರ್ತಿ ಹೋದರೆ ಒಂದು ಕ್ಯಾಮೆರಾಗೆ ಹತ್ತಿರ ಹತ್ತಿರ 11 ಜಿಬಿ. ನಾಲ್ಕಕ್ಕೆ ದಿನಕ್ಕೆ 43 ಜಿಬಿ, ತಿಂಗಳಿಗೆ 1300 ಜಿಬಿ. ಹಳೇ ಎಚ್.264ರಲ್ಲಿ ಇದು ಇನ್ನೂ ಏರುತ್ತದೆ. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಸಿಮ್ ಹಾಕಿದರೆ ನಾಲ್ಕು ಕ್ಯಾಮೆರಾ ಅದನ್ನು ಒಂದು ಗಂಟೆ ಚಿಲ್ಲರೆಯಲ್ಲಿ ಖಾಲಿ ಮಾಡುತ್ತವೆ. ಆದರೂ "ಸಿಮ್ ಹಾಕಿ ಸಾರ್, ಎಲ್ಲ ಆಗುತ್ತದೆ" ಅಂತ ಮಾರುತ್ತಾರೆ. ಆಗುತ್ತದೆ, ಏನಾದರೂ ಅಲ್ಲಾಡಿದಾಗ ಮಾತ್ರ ರೆಕಾರ್ಡ್ ಮಾಡುವ ಪ್ಲಾನ್ ಇದ್ದರೆ, ತೋಟದ ಆ ಮೂಲೆಯಲ್ಲಿ ಸಿಗ್ನಲ್ ಇದ್ದರೆ. ಬೆಟ್ಟದ ಈಚೆ ನಾಲ್ಕು ಕಡ್ಡಿ, ಆಚೆ ಏನೂ ಇಲ್ಲ, ಅದು ನಮ್ಮ ಜಿಲ್ಲೆಯ ಹಣೆಬರಹ.

ಮನೆಗೆ ಫೈಬರ್ ಇದ್ದರೆ ಈ ಚಿಂತೆ ಇಲ್ಲ. ಸಾಮಾನ್ಯವಾಗಿ ಮನೆ ಫೈಬರ್ ಪ್ಲಾನಿನಲ್ಲಿ ತಿಂಗಳಿಗೆ 3300 ಜಿಬಿ ಮಿತಿ ಇರುತ್ತದೆ, ಸಾಕಾಗುತ್ತದೆ. ಆದರೆ ಜೂನ್ ಬಂತು ಅಂದರೆ ಮರ ಬೀಳುತ್ತದೆ, ಲೈನ್ ಹೋಗುತ್ತದೆ, ಕರೆಂಟ್ ಅದಕ್ಕೂ ಮೊದಲೇ ಹೋಗಿರುತ್ತದೆ. ಲೈನ್‌ಮನ್‌ಗಳನ್ನು ಬೈಯುವ ಹಾಗಿಲ್ಲ ಬಿಡಿ, ಆ ಮಳೆಯಲ್ಲಿ ಕಂಬ ಹತ್ತುವುದು ಸುಮ್ನೆ ಮಾತಲ್ಲ. ಫೈಬರ್ ಡಬ್ಬಿ ಮತ್ತು ರೂಟರಿಗೆ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗುತ್ತದೆ, ಕೆಲವು ಗಂಟೆ ತಳ್ಳುತ್ತದೆ. ಪಿಒಇ ಸ್ವಿಚ್ಚನ್ನು ಇನ್ವರ್ಟರ್ ಲೈನಿಗೆ ಹಾಕಿಸಿ. ಆಗ ಕ್ಯಾಮೆರಾಗೆ ಕರೆಂಟ್ ಇರುತ್ತದೆ. ಇಂಟರ್‌ನೆಟ್ ಇಲ್ಲದಿದ್ದರೆ?

ನನಗೆ ನಿಜವಾಗಿ ಕೋಪ ಬಂದದ್ದು ಇಲ್ಲಿ. ಇಂಟರ್‌ನೆಟ್ ಹೋದಾಗ ದೃಶ್ಯ ಮೆಮೊರಿ ಕಾರ್ಡಿನಲ್ಲಿ ಉಳಿದು, ಲೈನ್ ಬಂದ ಮೇಲೆ ತಾನಾಗಿ ಕ್ಲೌಡಿಗೆ ಹೋಗುತ್ತದಾ ಅಂತ ದುಡ್ಡು ಕಟ್ಟುವ ಮೊದಲೇ ಫೋನಿನಲ್ಲಿ ಕೇಳಿದ್ದೆ. "ಖಂಡಿತಾ ಸಾರ್" ಅಂದರು. ಮಳೆಗಾಲದಲ್ಲಿ ಲೈನ್ ಬಿದ್ದು ಎದ್ದ ಮೇಲೆ ನೋಡಿದರೆ ಕ್ಲೌಡಿನಲ್ಲಿ ಆ ಹೊತ್ತೆಲ್ಲ ಖಾಲಿ. ಮತ್ತೆ ಫೋನ್ ಮಾಡಿದರೆ ಆ ಸೌಲಭ್ಯ ಮೇಲಿನ ಪ್ಲಾನಿನಲ್ಲಿ ಮಾತ್ರ ಅಂತೆ. ಅದನ್ನು ಮೊದಲೇ ಹೇಳಲು ಏನಾಗಿತ್ತು? ನೀವು ಕೇಳುವುದಾದರೆ ಫೋನಿನಲ್ಲಿ ಕೇಳಬೇಡಿ, ಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ.

ಹಾಗಾಗಿ ಕ್ಲೌಡ್ ತೆಗೆದುಕೊಂಡರೂ ಕಾರ್ಡ್ ಹಾಕಲೇಬೇಕು. 128 ಜಿಬಿ ಕಾರ್ಡಿನಲ್ಲಿ ಮೇಲಿನ ಲೆಕ್ಕದ ಪ್ರಕಾರ ಹನ್ನೊಂದು ದಿನದಷ್ಟು ಹಿಡಿಯುತ್ತದೆ. ಮೊಬೈಲಿಗೆ ಹಾಕುವ ಸಾದಾ ಕಾರ್ಡ್ ಬೇಡ, ಹೈ ಎಂಡ್ಯೂರೆನ್ಸ್ ಅಂತ ಬರೆದಿರುವುದು ತನ್ನಿ, ಹಗಲು ರಾತ್ರಿ ಬರೆದು ಅಳಿಸಿ ಮಾಡಿದರೆ ಸಾದಾ ಕಾರ್ಡ್ ಬೇಗ ಸಾಯುತ್ತದೆ. ಇನ್ನೊಂದು ತಮಾಷೆ ಇದೆ. ಕರೆಂಟು, ಇಂಟರ್‌ನೆಟ್ ಎರಡೂ ಹೋಗಿ ಕರೆಂಟ್ ಮಾತ್ರ ವಾಪಸ್ ಬಂದರೆ ಪಾರ್ಕಿಂಗ್ ಕ್ಯಾಮೆರಾ ಗಡಿಯಾರ ತಪ್ಪಿ 1970ರ ಜನವರಿ 1ಕ್ಕೆ ಹೋಗಿ ಕೂರುತ್ತದೆ. ಸಮಯ ಸರಿಪಡಿಸಿಕೊಳ್ಳಲು ಅದಕ್ಕೆ ಇಂಟರ್‌ನೆಟ್ಟೇ ಬೇಕು. ಕಾರ್ಡಿನಲ್ಲಿ ದೃಶ್ಯ ಇದ್ದರೂ ತಾರೀಖು 1970. ಕಾರ್ ಮಾತ್ರ ಹೊಸದು!

ರಾತ್ರಿಯ ಅಲರ್ಟ್ ಬಗ್ಗೆ ಹೇಳದೆ ಇರಲು ಆಗುವುದಿಲ್ಲ. ಮೊದಲ ವಾರ ಫೋನ್ ಒಂದೇ ಸಮನೆ ಬಡಿದುಕೊಂಡಿತು. ಮಳೆ ಬಿದ್ದರೆ ಅಲರ್ಟ್, ಟಾರ್ಪಾಲ್ ಹಾರಿದರೆ ಅಲರ್ಟ್, ನಾಯಿ ಬಂದರೆ ಅಲರ್ಟ್. ಎಲ್ಲಕ್ಕಿಂತ ದೊಡ್ಡ ಕಾಟ ಜೇಡ. ಕ್ಯಾಮೆರಾ ಮುಂದಿನ ಇನ್‌ಫ್ರಾರೆಡ್ ದೀಪಕ್ಕೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ, ಗಾಜಿಗೆ ಅಡ್ಡ ಬಲೆ ಕಟ್ಟುತ್ತದೆ. ಹಗಲು ಕಣ್ಣಿಗೂ ಕಾಣದ ಆ ಎಳೆ ರಾತ್ರಿ ದಪ್ಪ ಬಿಳಿ ಹಗ್ಗದ ಹಾಗೆ ಹೊಳೆಯುತ್ತದೆ, ಗಾಳಿಗೆ ಅಲ್ಲಾಡಿದಾಗಲೆಲ್ಲ ಯಾರೋ ಬಂದರು ಅಂತ ಕ್ಲಿಪ್ ಬರುತ್ತದೆ. ಕ್ಯಾಮೆರಾದ ಸ್ವಂತ ದೀಪ ಆಫ್ ಮಾಡಿ, ಐದಾರು ಅಡಿ ದೂರದಲ್ಲಿ ಬೇರೆ ಇನ್‌ಫ್ರಾರೆಡ್ ದೀಪ ಹಾಕಿಸಿದೆವು. ಈಗ ಹುಳ, ಜೇಡ ಎಲ್ಲ ಆ ದೀಪದ ಹತ್ತಿರ ಸಂಸಾರ ಮಾಡಿಕೊಂಡಿವೆ. ಉಳಿದದ್ದಕ್ಕೆ ಆ್ಯಪಿನಲ್ಲಿ "ಮನುಷ್ಯ ಮಾತ್ರ" ಅಂತ ಆಯ್ಕೆ ಮಾಡಿ, ಟಾರ್ಪಾಲ್ ಇರುವ ಜಾಗವನ್ನು ಬೆರಳಿನಲ್ಲಿ ಗುರುತು ಹಾಕಿ ಬಿಟ್ಟುಬಿಡಬಹುದು. ಇದು ಮಾತ್ರ ಚೆನ್ನಾಗಿ ಮಾಡಿದ್ದಾರೆ, ಒಪ್ಪಿಕೊಳ್ಳಬೇಕು. ಕಣದ ಕ್ಯಾಮೆರಾಗೆ ಮನುಷ್ಯನ ಜೊತೆ ವಾಹನವನ್ನೂ ಇಟ್ಟುಕೊಂಡಿದ್ದೇನೆ, ಜೀಪಿನಲ್ಲಿ ಬಂದು ತುಂಬಿಕೊಂಡು ಹೋದರೆ ಅಂತ. ಒಂದು ಬೆಳಗಿನ ಜಾವ "ವಾಹನ ಪತ್ತೆಯಾಗಿದೆ" ಅಂತ ಬಂತು. ತೆಗೆದು ನೋಡಿದರೆ ಆನೆ, ಕಣದ ಅಂಚು ಹಿಡಿದು ಆರಾಮವಾಗಿ ಹೋಗುತ್ತಿದೆ. ಕೂಡಲೇ ಲೈನ್ ಮನೆಯವರಿಗೆ (ತೋಟದ ಕೆಲಸಗಾರರು ಇರುವ ಸಾಲುಮನೆ) ಫೋನ್ ಮಾಡಿ ಆ ದಾರಿಯಲ್ಲಿ ಬರಬೇಡಿ ಅಂದೆ, ಅರಣ್ಯ ಇಲಾಖೆಯವರಿಗೂ ತಿಳಿಸಿದೆ. ಕಳ್ಳನಿಗೆ ಅಂತ ಹಾಕಿದ್ದು, ಹೆಚ್ಚು ಉಪಯೋಗ ಆಗಿದ್ದು ಇದಕ್ಕೆ.

ಲೈನ್ ಮನೆ ಕಡೆಗೆ, ಅಲ್ಲಿಯ ನಲ್ಲಿ ಬಚ್ಚಲು ಕಡೆಗೆ ಕ್ಯಾಮೆರಾ ತಿರುಗಿಸಬೇಡಿ. ಕೆಲವು ತೋಟದಲ್ಲಿ ನೋಡಿದ್ದೇನೆ, ಸರಿಯಲ್ಲ. ಹೋಂಸ್ಟೇಯಲ್ಲಿ ಪಾರ್ಕಿಂಗ್ ಮತ್ತು ಗೇಟು ಬಿಟ್ಟರೆ ಬೇರೆಲ್ಲೂ ಬೇಡ, ಅದಕ್ಕೂ ಒಂದು ಬೋರ್ಡ್ ಹಾಕಿ. ನಮ್ಮ ದೃಶ್ಯ ಇನ್ಯಾರದ್ದೋ ಕಂಪ್ಯೂಟರಿನಲ್ಲಿ ಇರುತ್ತದೆ ಅನ್ನುವುದನ್ನೂ ಮರೆಯಬಾರದು. 2021ರ ಮಾರ್ಚ್‌ನಲ್ಲಿ ಅಮೆರಿಕದ ವರ್ಕಾಡಾ ಅನ್ನುವ ಕ್ಲೌಡ್ ಕ್ಯಾಮೆರಾ ಕಂಪನಿಗೆ ಹ್ಯಾಕರ್‌ಗಳು ನುಗ್ಗಿದಾಗ ಸುಮಾರು ಒಂದೂವರೆ ಲಕ್ಷ ಕ್ಯಾಮೆರಾ ಅವರ ಕೈಗೆ ಸಿಕ್ಕಿದ್ದವು, ಆಸ್ಪತ್ರೆ, ಜೈಲಿನವು ಕೂಡ. ದೊಡ್ಡವರ ಕಥೆಯೇ ಹೀಗಾದರೆ ನಾವು ಕನಿಷ್ಠ ಪಾಸ್‌ವರ್ಡ್ ಬದಲಿಸಿ, ಒಟಿಪಿ ಕೇಳುವ ಹಾಗೆ ಇಟ್ಟುಕೊಳ್ಳಬೇಕು. ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್‌ಗೆ ನಿಮ್ಮ ಪಾಸ್‌ವರ್ಡ್ ಕೊಡಬೇಡಿ, ಆ್ಯಪಿನಲ್ಲೇ ಅವರ ನಂಬರಿಗೆ ಬೇರೆ ಅನುಮತಿ ಕೊಡಿ. ಕೆಲಸ ಬಿಟ್ಟ ದಿನ ತೆಗೆದರೆ ಆಯಿತು. ಕ್ಯಾಮೆರಾ ಕೊಳ್ಳುವಾಗಲೂ ನೋಡಿ, ಸಿಸಿಟಿವಿಗೆ ಸರ್ಕಾರದ ಭದ್ರತಾ ಪರೀಕ್ಷೆ 2025ರ ಏಪ್ರಿಲ್‌ನಿಂದ ಕಡ್ಡಾಯ ಆಗಿದೆ. ತೀರಾ ಅಗ್ಗಕ್ಕೆ ಯಾರಾದರೂ ಕೊಟ್ಟರೆ ಹಳೇ ಸ್ಟಾಕಾ ಅಂತ ಕೇಳಿ.

ಪೊಲೀಸರಿಗೆ ದೃಶ್ಯ ಕೊಡಬೇಕಾಗಿ ಬಂದರೆ ಫೋನಿನ ಸ್ಕ್ರೀನ್ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುವುದು ಸಾಲದು, ವಾಟ್ಸಾಪ್ ಅದನ್ನು ಇನ್ನೂ ಕುಗ್ಗಿಸುತ್ತದೆ, ನಂಬರ್ ಪ್ಲೇಟ್ ಓದಲು ಆಗುವುದಿಲ್ಲ. ಮೂಲ ಫೈಲ್ ಡೌನ್‌ಲೋಡ್ ಮಾಡಿ. 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಕೋರ್ಟಿಗೆ ಹೋಗುವ ಇಂಥ ದೃಶ್ಯದ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ನಂಬರ್ (ಫೈಲ್ ಬದಲಾಗಿಲ್ಲ ಅಂತ ತೋರಿಸುವ, ಬೆರಳಚ್ಚಿನಂಥ ನಂಬರ್) ಬರೆಯಬೇಕು. ನಮ್ಮ ಕಂಪನಿಯ ಆ್ಯಪಿನಲ್ಲಿ ಡೌನ್‌ಲೋಡ್ ಸುಲಭ, ಹ್ಯಾಶ್ ಕೊಡುವುದಿಲ್ಲ. ಅದಕ್ಕೊಂದು ಅರ್ಧ ಅಂಕ ಕಡಿಮೆ ಮಾಡಿದ್ದೇನೆ.

ಬೆಲೆ. ಪ್ಲಾನ್ ಒಂದೊಂದು ಕ್ಯಾಮೆರಾಗೂ ಬೇರೆ ಬೇರೆ, ಮೇಲೆ 18% ಜಿಎಸ್‌ಟಿ. ಏಳು ದಿನ ಇಡುವುದಕ್ಕೆ ಒಂದು ರೇಟು, ಮೂವತ್ತು ದಿನಕ್ಕೆ ಇನ್ನೊಂದು. ಕ್ಯಾಮೆರಾ ಒಂದು ಸಲದ ಖರ್ಚು, ಇದು ವರ್ಷ ವರ್ಷ ಕಟ್ಟುವ ಕಂದಾಯ. ಪ್ಲಾನ್ ಮುಗಿದ ಮೇಲೂ ಲೈವ್ ನೋಡಬಹುದಾ, ಕಾರ್ಡಿನ ದೃಶ್ಯ ತೆಗೆಯಬಹುದಾ ಅಂತ ಕೇಳಿಕೊಳ್ಳಿ. ನಮ್ಮದರಲ್ಲಿ ಎರಡೂ ಆಗುತ್ತದೆ. ಕ್ಯಾಮೆರಾ ಓನ್‌ವಿಫ್ (ಬೇರೆ ಬೇರೆ ಕಂಪನಿಯ ಸಾಮಾನು ಒಂದಕ್ಕೊಂದು ಹೊಂದುವ ಮಾನದಂಡ) ಇರುವುದಾದರೆ ಕಂಪನಿ ಬಿಟ್ಟರೂ ಬೇರೆ ರೆಕಾರ್ಡರಿಗೆ ಹಾಕಬಹುದು.

ಈ ಸಲ ರಿನ್ಯೂ ಮಾಡುವಾಗ ಗೇಟು ಮತ್ತು ಗೋಡೌನ್‌ಗೆ ಮಾತ್ರ ಮೂವತ್ತು ದಿನದ ಕ್ಲೌಡ್ ಇಟ್ಟುಕೊಂಡಿದ್ದೇನೆ, ಬರುವ ಹೋಗುವ ಮುಖ ಸಿಗುವುದು ಅಲ್ಲೇ. ಪಾರ್ಕಿಂಗ್‌ಗೆ ಕಾರ್ಡ್ ಸಾಕು. ಕಣದ್ದಕ್ಕೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ತಿಂಗಳ ಪ್ಲಾನ್ ಕಟ್ಟಿ ಆಮೇಲೆ ನಿಲ್ಲಿಸುತ್ತೇನೆ. ತಿಂಗಳ ಪ್ಲಾನ್ ತಾನಾಗಿ ಮುಂದುವರಿಯುವ ಹಾಗೆ ಮೊದಲೇ ಟಿಕ್ ಹಾಕಿಟ್ಟಿರುತ್ತಾರೆ, ದುಡ್ಡು ಕಟ್ಟಿದ ದಿನವೇ ಅದನ್ನು ತೆಗೆದುಬಿಡಿ.