105ರ ಬಲೂನ್ ಸೆಟ್: ಕಾರವಾರದ ಬೀಚಿಗೆ ಆಗಿಬರುತ್ತದೆಯೇ?

ಬಿಸಿಗಾಳಿ ಬಲೂನ್ ಸವಾರಿಯ ವ್ಯಾಪಾರಕ್ಕೆ ಇಳಿಯುವವರ ಕಣ್ಣು ಮೊದಲು ಬೀಳುವುದು 105ರ ಸೆಟ್ಟಿನ ಮೇಲೆ. 1,05,000 ಘನ ಅಡಿ, ಅಂದರೆ ಸುಮಾರು 3,000 ಘನ ಮೀಟರ್ ಗಾಳಿ ಹಿಡಿಯುವ ಬಟ್ಟೆ, ಜೋಡಿ ಬರ್ನರ್, ಬೆತ್ತದ ಬುಟ್ಟಿ, ನಾಲ್ಕು ಸಿಲಿಂಡರ್, ಪೆಟ್ರೋಲ್ ಫ್ಯಾನ್. ಕ್ಯಾಮರಾನ್, ಅಲ್ಟ್ರಾಮ್ಯಾಜಿಕ್, ಕುಬಿಚೆಕ್, ಯಾವ ಕಂಪನಿಯದನ್ನೇ ತೆಗೆದುಕೊಳ್ಳಿ, ಗುಣಮಟ್ಟದ ಬಗ್ಗೆ ತಕರಾರಿಲ್ಲ. ತಕರಾರು ಇರುವುದು "ಪೈಲಟ್ ಜೊತೆ ನಾಲ್ವರು" ಎನ್ನುವ ಲೆಕ್ಕದ ಮೇಲೆ. ಕಾರವಾರದಲ್ಲಿ ಮೂವರು ಎಂದೇ ಹಿಡಿಯಿರಿ, ಅದೂ ಹಗ್ಗ ಕಟ್ಟಿ ಏರಿಸುವ ಸವಾರಿಗೆ. 5ಕ್ಕೆ ಮೂರೂವರೆ ಅಂಕ.

ಒಳಗಿನ ಗಾಳಿ 100 ಡಿಗ್ರಿ, ಹೊರಗೆ 15 ಡಿಗ್ರಿ ಇದ್ದರೆ ಪ್ರತಿ ಘನ ಮೀಟರ್ ಸುಮಾರು 280 ಗ್ರಾಂ ಎತ್ತುತ್ತದೆ. ಒಟ್ಟು 840 ಕೆಜಿ. ಹೊರಗೆ 28 ಡಿಗ್ರಿ ಆದರೆ ಅದೇ ಬಲೂನು ಎತ್ತುವುದು 680 ಕೆಜಿಯಷ್ಟೇ. ಬಟ್ಟೆ, ಬುಟ್ಟಿ, ಬರ್ನರ್, ತುಂಬಿದ ಸಿಲಿಂಡರ್ ಸೇರಿ 360 ಕೆಜಿಯ ಆಸುಪಾಸು ಕಳೆದರೆ ಉಳಿಯುವುದು ನಾಲ್ಕು ಜನರ ತೂಕ, ಪೈಲಟ್ ಸೇರಿ. ಇನ್ನಷ್ಟು ಕಾಯಿಸಿದರಾಯಿತು ಅನ್ನುವಂತಿಲ್ಲ. 120 ಡಿಗ್ರಿಯ ಹತ್ತಿರ ಹೋದಂತೆ ನೈಲಾನ್ ಬಟ್ಟೆಯ ಆಯುಷ್ಯ ಕರಗುತ್ತದೆ.

ಇನ್ನು ಗಾಳಿ. ಬಲೂನು ಹಾರುವ ಹೊತ್ತು ಮುಂಜಾನೆ. ಕರಾವಳಿಯಲ್ಲಿ ಆ ಹೊತ್ತಿನ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಟಾಗೋರ್ ಬೀಚಿನಲ್ಲಿ ಹಗ್ಗ ಬಿಚ್ಚಿದರೆ ಸವಾರಿ ಅರಬ್ಬೀ ಸಮುದ್ರದ ಮೇಲೇ. ಬಿಸಿಲೇರಿ ಗಾಳಿ ತಿರುಗಿ ದಡದತ್ತ ಬರುವ ಹೊತ್ತಿಗೆ ಅದರ ಜೋರು ಹೆಚ್ಚಿರುತ್ತದೆ. ಶಿರಸಿ ಕಡೆ ನೋಡೋಣವೆಂದರೆ ಕಾಡು, ತೋಟ, ಇಳಿಯಲು ಜಾಗವಿಲ್ಲ. (ಅಡಿಕೆ ತೋಟದೊಳಗೆ ಇಳಿಸಿದರೆ ರಿಪೇರಿ ಖರ್ಚಿಗಿಂತ ಪರಿಹಾರದ ಖರ್ಚೇ ಜಾಸ್ತಿ.) ಬಿಟ್ಟು ಹಾರಿಸಲೇಬೇಕೆಂದರೆ ಮುಂಡಗೋಡ, ಹಳಿಯಾಳ, ಬನವಾಸಿ ಕಡೆಯ ಕೊಯ್ಲಾದ ಗದ್ದೆ ಬಯಲುಗಳನ್ನು ನೋಡಬೇಕು.

ಹಗ್ಗದ ಸವಾರಿಗೆ ಮೂರು ದಿಕ್ಕಿಗೆ ಮೂರು ಹಗ್ಗ, ಸುಮಾರು 30 ಮೀಟರ್ ಎತ್ತರ. ಹಗ್ಗ ಕಟ್ಟಬೇಕಾದ್ದು ಬರ್ನರ್ ಚೌಕಟ್ಟಿನ ಟೆದರ್ ಕಿಟ್ಟಿಗೆ (ಹಗ್ಗ ಕಟ್ಟಲೆಂದೇ ಇರುವ ಜೋಡಣೆ), ಬುಟ್ಟಿಯ ಹಿಡಿಕೆಗಲ್ಲ. ಮರಳಿನಲ್ಲಿ ಹೊಡೆದ ಗೂಟ ಕಿತ್ತುಬರುತ್ತದೆ. ಎರಡು ಟನ್ನಿನ ವಾಹನಗಳೇ ಬೇಕು, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು. ಗಾಳಿ ಬರುವ ಕಡೆಗೆ ಎರಡು ವಾಹನ. ಗಾಳಿಯ ವೇಗ ದುಪ್ಪಟ್ಟಾದರೆ ಎಳೆತ ನಾಲ್ಕು ಪಟ್ಟು ಎನ್ನುವುದನ್ನು ಹೊಸಬರು ಮರೆಯುತ್ತಾರೆ. ಜನ ಬದಲಾಯಿಸುವಾಗ ಒಬ್ಬರು ಹತ್ತಿದ ಮೇಲೆ ಒಬ್ಬರು ಇಳಿಯಬೇಕು. ಮೂವರೂ ಒಟ್ಟಿಗೆ ಇಳಿದರೆ 200 ಕೆಜಿ ಹಗುರಾಗಿ ಬುಟ್ಟಿ ಚಿಮ್ಮುತ್ತದೆ.

ಗಾಳಿ ಒತ್ತಿದಾಗ ಬಟ್ಟೆಯ ಒಂದು ಮೈ ಒಳಕ್ಕೆ ತಗ್ಗುತ್ತದೆ. ಆಗ ಉರಿ ಕೊಟ್ಟರೆ ಬಾಯಿಯ ಹತ್ತಿರದ ಬಟ್ಟೆ ಸುಡುತ್ತದೆ. ಸೆಕೆಂಡ್‌ಹ್ಯಾಂಡ್ ಸೆಟ್ ಕೊಳ್ಳುವವರು ಮೊದಲು ನೋಡಬೇಕಾದ್ದು ಇದನ್ನೇ: ಕೆಳಗಿನ ನೋಮೆಕ್ಸ್ (ಬೆಂಕಿ ತಡೆಯುವ ಬಟ್ಟೆ) ಪಟ್ಟಿ ಮುಗಿದು ನೈಲಾನ್ ಶುರುವಾಗುವ ಹೊಲಿಗೆಯ ಮೇಲೆ ಕಂದು ಅಂಚು, ಬೆರಳಲ್ಲಿ ಉಜ್ಜಿದರೆ ಪ್ಲಾಸ್ಟಿಕ್ಕಿನಂತೆ ಗಡುಸು.

ಗ್ಯಾಸ್ ಇನ್ನೊಂದು ತಲೆನೋವು. ಬರ್ನರಿಗೆ ಬೇಕಾದ್ದು ಪ್ರೋಪೇನ್. ನಮ್ಮಲ್ಲಿ ಸಿಗುವ ಎಲ್‌ಪಿಜಿಯಲ್ಲಿ ಬ್ಯೂಟೇನ್ ಬೆರೆತಿರುತ್ತದೆ, ಒತ್ತಡ ಕಡಿಮೆ, ಉರಿ ಸೋಮಾರಿ. ತಯಾರಕರ ಕೈಪಿಡಿ ಒಪ್ಪುವಷ್ಟು ನೈಟ್ರೋಜನ್ ತುಂಬಿ ಒತ್ತಡ ಏರಿಸುವುದೇ ದಾರಿ. ಅಡುಗೆಮನೆಯ 14.2 ಕೆಜಿ ಸಿಲಿಂಡರ್ ಇಲ್ಲಿ ಕೆಲಸಕ್ಕೆ ಬಾರದು. ಅದರಿಂದ ಬರುವುದು ಆವಿ. ಬಲೂನ್ ಬರ್ನರಿಗೆ ಬೇಕಾದ್ದು ತಳದಿಂದ ಮೇಲೆಳೆದ ದ್ರವ. ಮೇಲಾಗಿ ಗೃಹಬಳಕೆಯ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವುದು ಅಪರಾಧ. ಗಂಟೆಗೆ 60ರಿಂದ 80 ಲೀಟರ್ ಲೆಕ್ಕ ಹಾಕಿ.

ಡಿಜಿಸಿಎ (ನಾಗರಿಕ ವಿಮಾನಯಾನ ನಿರ್ದೇಶನಾಲಯ) ನೋಂದಣಿ, ಬಲೂನ್ ಪೈಲಟ್ ಲೈಸೆನ್ಸ್, ಜಿಲ್ಲಾಡಳಿತದ ಒಪ್ಪಿಗೆ ಹೇಗೂ ಬೇಕು. ಒಂದು ಕಡೆ ಐಎನ್‌ಎಸ್ ಕದಂಬ ನೌಕಾನೆಲೆ, ಇನ್ನೊಂದು ಕಡೆ ಕೈಗಾ ಅಣುಸ್ಥಾವರ ಇರುವ ಊರಿದು. ಅನುಮತಿ ಕೈಗೆ ಬರುವ ಮೊದಲು ಸೆಟ್ಟಿಗೆ ಮುಂಗಡ ಕೊಡಬೇಡಿ.

ಕರಾವಳಿಯಲ್ಲಿ ಬಲೂನನ್ನು ನಿಜವಾಗಿ ತಿನ್ನುವುದು ತೇವ. ಇಬ್ಬನಿ ಹೀರಿದ ಬಟ್ಟೆಯನ್ನು ಹಾಗೇ ಚೀಲಕ್ಕೆ ತುಂಬಿದರೆ ಕೆಲವೇ ದಿನಗಳಲ್ಲಿ ಬೂಸಲು. ಅಡಿಯಲ್ಲಿ ದೊಡ್ಡ ಟಾರ್ಪಾಲ್ ಹಾಸಿ, ಮರಳು ಕೊಡವಿ, ಒಣಗಿಸಿಯೇ ಮಡಚಬೇಕು. ಕ್ಯಾರಬೈನರ್ (ಲೋಹದ ಕೊಂಡಿ), ವಾಲ್ವ್, ತಂತಿಗಳನ್ನು ಪ್ರತಿದಿನ ಸಿಹಿನೀರಲ್ಲಿ ಒರೆಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೆಟ್ಟನ್ನು ಘಟ್ಟದಾಚೆ, ಹುಬ್ಬಳ್ಳಿಯ ಕಡೆ ಒಣ ಗೋದಾಮಿಗೆ ಕಳಿಸುವುದು ಒಳ್ಳೆಯದು. ಆ ಬಾಡಿಗೆಯನ್ನೂ ಟಿಕೆಟ್ ದರದೊಳಗೇ ಸೇರಿಸಿಕೊಳ್ಳಿ.