ಹೆಗ್ಗಣಕ್ಕೆ ಬೋನೇ ಸರಿ: ಕಡ್ಡಿ, ಪಾಷಾಣ, ಕೇಕ್ ಎಲ್ಲ ನೋಡಿಯಾಯ್ತು

ಮೈಸೂರಿನ ನಮ್ಮ ಮನೆ ಮುಂದೆ ಅಂಗೈಯಗಲದ ಲಾನ್ ಇದೆ. ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನೋಡಿದರೆ ಹುಲ್ಲಿನ ಮೇಲೆ ಸಡಿಲ ಮಣ್ಣಿನ ಗುಡ್ಡೆ. ಪಕ್ಕದಲ್ಲಿ ಸುಗಂಧರಾಜದ ಗೆಡ್ಡೆ ಅರ್ಧ ಕಡಿದು ಬಿದ್ದಿತ್ತು. ಹೆಗ್ಗಣ! ಕೊನೆಗೆ ಅದನ್ನು ಹಿಡಿದದ್ದು 350 ರೂಪಾಯಿಯ ತಂತಿ ಬೋನು. ಅದಕ್ಕೆ ಮೊದಲು ದಂಡವಾದದ್ದು 1,200.

ಆ 1,200 ಹೋಗಿದ್ದು ಆನ್‌ಲೈನಲ್ಲಿ ತರಿಸಿದ ಸೋಲಾರ್ ಕಡ್ಡಿಗೆ. ನೆಲಕ್ಕೆ ಚುಚ್ಚಿದರೆ ಆಗಾಗ ಗುಂಯ್ ಅಂತ ಅದುರುತ್ತದೆ, ಬಿಲದ ಪ್ರಾಣಿ ಹೆದರಿ ಓಡುತ್ತದಂತೆ. ಡಬ್ಬಿ ಮೇಲಿದ್ದದ್ದು ಯುರೋಪಿನ ಮೋಲ್ ಚಿತ್ರ. ಎರೆಹುಳ ತಿನ್ನುವ ಆ ಪ್ರಾಣಿ ನಮ್ಮ ಕಡೆ ಇಲ್ಲವೇ ಇಲ್ಲ. ಆಗಲೇ ಅನುಮಾನ ಬರಬೇಕಿತ್ತು. ಒಂಬತ್ತನೇ ದಿನ ಕಡ್ಡಿಯ ಬುಡದಲ್ಲೇ ಹೊಸ ಬಿಲ.

ಇಲಿ ಪಾಷಾಣ, ಅಂದರೆ ಜಿಂಕ್ ಫಾಸ್ಫೈಡ್, ಗದ್ದೆಗೆ ಸರಿ. ಊರಲ್ಲಿ ಅಪ್ಪ ಎರಡು ಮೂರು ದಿನ ಬರೀ ನುಚ್ಚಿಗೆ ಎಣ್ಣೆ ಕಲಸಿ ಇಟ್ಟು, ರೂಢಿಯಾದ ಮೇಲೆ ವಿಷ ಬೆರೆಸುತ್ತಿದ್ದರು. ಇಲ್ಲದಿದ್ದರೆ ಒಮ್ಮೆ ರುಚಿ ನೋಡಿ ಹುಷಾರಾದ ಹೆಗ್ಗಣ ಮತ್ತೆ ಮುಟ್ಟುವುದಿಲ್ಲ. ಈ ವಿಷ ಇಳಿಸುವ ಮದ್ದಿಲ್ಲ. ನಮ್ಮನೆಯಲ್ಲಿ ನಾಯಿ ಇದೆ, ಅಲ್ಲಿಗೆ ಮುಗೀತು.

ಬ್ರೋಮಾಡಿಯೋಲೋನ್ ಅನ್ನುವ ಇಲಿ ವಿಷ ಬೆರೆಸಿದ ಕೇಕ್ ಕೆಲಸ ಮಾಡಿತು, ಸುಳ್ಳು ಹೇಳಲ್ಲ. ನಾಯಿಯನ್ನು ಕಟ್ಟಿಹಾಕಿ ಬಿಲದೊಳಗೆ ತುರುಕಿದ್ದೆ. ವಿಷ 0.005% ಅಷ್ಟೇ, ರಕ್ತ ಹೆಪ್ಪುಗಟ್ಟದೆ ನಾಲ್ಕೈದು ದಿನಕ್ಕೆ ಸಾಯುತ್ತದೆ, ತಿಂದದ್ದರ ಮೇಲೆ ಅನುಮಾನವೇ ಬರುವುದಿಲ್ಲ. ಆದರೆ ಸತ್ತದ್ದು ಸಂಪಿನ ಪಕ್ಕದ ಬಿಲದಲ್ಲಿ. ವಾರವಿಡೀ ವಾಸನೆ. ಸತ್ತದ್ದನ್ನು ತಿಂದ ಬೆಕ್ಕು, ಗೂಬೆಗೂ ಅಪಾಯ.

ಬೋನೂ ಸುಮ್ನೆ ಕೆಲಸ ಮಾಡಲಿಲ್ಲ. ಎರಡು ರಾತ್ರಿ ಬಾಗಿಲು ಬಿದ್ದಿತ್ತು, ಕೊಬ್ಬರಿ ಮಾಯ, ಒಳಗೆ ಯಾರೂ ಇಲ್ಲ. ಮೂರನೇ ರಾತ್ರಿ ಕಿಟಕಿಯಲ್ಲಿ ಕಾದು ಕೂತೆ. ಹೆಗ್ಗಣ ಒಳಗೆ ನುಗ್ಗಿತು, ಬಾಗಿಲು ಬಿತ್ತು, ಬಿದ್ದದ್ದು ಅದರ ಬೆನ್ನ ಮೇಲೆ! ಬೋನಿಗಿಂತ ಹೆಗ್ಗಣವೇ ಉದ್ದ. ನಿಧಾನಕ್ಕೆ ಕೊಬ್ಬರಿ ಕಚ್ಚಿಕೊಂಡು ಹಿಂದಕ್ಕೆ ಸರಿದು ಹೋಯಿತು. ಅಂಗಡಿಯವರನ್ನು ಕೇಳಿದರೆ, "ಇದು ಇಲಿ ಬೋನು ಸಾರ್, ಹೆಗ್ಗಣದ್ದು ಅಂತ ಹೇಳಬೇಕಿತ್ತಲ್ವಾ" ಅಂದರು. ಹಳೆಯದನ್ನು ಕೊಟ್ಟು ಒಂದೂವರೆ ಅಡಿಯದು ತಂದೆ.

ಹೊಸದರ ಹತ್ತಿರ ಅದು ಸುಳಿಯಲೇ ಇಲ್ಲ. ಆಗ ಅಪ್ಪನ ನುಚ್ಚು ನೆನಪಾಯಿತು. ಸಂಜೆ ಎಲ್ಲ ಬಿಲಗಳ ಬಾಯಿಗೂ ಮಣ್ಣು ತುಂಬಿದೆ. ಬೆಳಿಗ್ಗೆ ತೆರೆದಿದ್ದದ್ದು ಒಂದೇ. ಅದರ ಬಾಯಲ್ಲಿ ಬೋನಿಟ್ಟು, ಬಾಗಿಲು ಬೀಳದಂತೆ ದಾರ ಕಟ್ಟಿ, ಮೂರು ದಿನ ಸುಟ್ಟ ಕೊಬ್ಬರಿ ಬಿಟ್ಟಿ ತಿನ್ನಿಸಿದೆ. ನಾಲ್ಕನೇ ರಾತ್ರಿ ದಾರ ಬಿಚ್ಚಿದೆ. ಸಿಕ್ಕಿತು. ಎರಡು ವಾರದಲ್ಲಿ ಒಟ್ಟು ಮೂರು.

ಗೋಣಿ ಮುಚ್ಚಿ ಸ್ಕೂಟರಿನಲ್ಲಿ ರಿಂಗ್ ರಸ್ತೆ ಆಚೆ ಒಯ್ಯುವಾಗ ಕಾಲ ಹತ್ತಿರ ಥೇಟ್ ಹಂದಿಯಂತೆ ಗುರುಗುಟ್ಟುತ್ತಿತ್ತು. ಇಂಗ್ಲಿಷಿನ ಬ್ಯಾಂಡಿಕೂಟ್ ಅನ್ನುವ ಪದ ತೆಲುಗಿನ ಪಂದಿಕೊಕ್ಕಿನಿಂದ ಬಂದದ್ದು, ಹಂದಿ ಇಲಿ ಅಂತ ಅರ್ಥ. ಹೆಸರಿಟ್ಟವರೂ ಇದೇ ಸದ್ದು ಕೇಳಿರಬೇಕು. ಬೋನು ಮುಟ್ಟುವಾಗ ಮಾತ್ರ ಕೈಗವಸು ಹಾಕಿಕೊಳ್ಳಿ, ಅದರ ಮೂತ್ರದಿಂದ ಇಲಿಜ್ವರ ಬರುತ್ತದೆ.

ದಿನಾ ಬೋನು ನೋಡುವಷ್ಟು ಪುರಸೊತ್ತಿಲ್ಲ, ನಾಯಿ ಬೆಕ್ಕೂ ಇಲ್ಲ ಅನ್ನುವವರಿಗೆ ಕೇಕ್ ಆಗಬಹುದು. ನಾನು ಹಾಲಿಗೆ ಅಂತ ಐದೂವರೆಗೇ ಏಳುತ್ತೇನೆ, ನನಗೆ ಬೋನೇ ಸರಿ. ಮೊನ್ನೆ ಮತ್ತೊಂದು ಗುಡ್ಡೆ ಎದ್ದಿದೆ. ದಾರ ಕಟ್ಟಿ ಕೊಬ್ಬರಿ ಇಟ್ಟಿದ್ದೇನೆ, ಇವತ್ತು ಎರಡನೇ ದಿನ.